ಸೋಕರ್‌ಗೆ ‘ಹೀರುಚಡ್ಡಿ’ ಅನ್ನಬಹುದಾ?

ಮಗುವಿನ ಬಟ್ಟೆ ಡೈಪರ್ ಮೇಲೆ ತೊಡಿಸುವ ಉಣ್ಣೆ ಚಡ್ಡಿಯೊಂದಿದೆ, ಕೈಯಲ್ಲೇ ಹೆಣೆಯುವಂಥದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಸೋಕರ್ ಅಂತಾರೆ. ಅದನ್ನು ಹೆಣೆಯುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಣಿಗೆಯೇನೂ ಕಷ್ಟದ್ದಲ್ಲ, ಪದಗಳೇ ಕಾಡುತ್ತಿವೆ. ನನಗೆ ಹೊಳೆದದ್ದನ್ನು ಇಲ್ಲಿ ಇಡುತ್ತೇನೆ. ಇದಕ್ಕಿಂತ ಒಳ್ಳೆಯ ಪದ ಗೊತ್ತಿದ್ದರೆ, ಅದರಲ್ಲೂ ಹೆಣೆಯುವವರ ಬಾಯಲ್ಲೇ ಕೇಳಿದ್ದಿದ್ದರೆ, ದಯವಿಟ್ಟು ತಿಳಿಸಿ.

ಮೊದಲು ಆ ಚಡ್ಡಿಯ ಹೆಸರು. ಸೋಕ್ ಅಂದರೆ ನೆನೆ, ಹೀರು. ಹಾಗಾಗಿ ಗೆಳತಿಯೊಬ್ಬಳು ‘ಹೀರುಚಡ್ಡಿ’ ಅಂದಳು. ಕೇಳೋಕೆ ಚೆನ್ನಾಗಿಯೇ ಇದೆ. ಆದರೆ ಉಚ್ಚೆ ಹೀರುವ ಕೆಲಸ ಒಳಗಿನ ಹತ್ತಿ ಬಟ್ಟೆಯದು. ಉಣ್ಣೆಯ ಕೆಲಸ ಅದು ಹೊರಗೆ ಬಾರದಂತೆ ತಡೆಯುವುದು, ಒಳಗಿನ ಪಸೆಯನ್ನು ನಿಧಾನವಾಗಿ ಗಾಳಿಗೆ ಬಿಡುವುದು. ‘ಹೀರುಚಡ್ಡಿ’ ಅಂತ ಓದಿದವರು ಒಳಗೆ ಬಟ್ಟೆ ಇಡದೆ ಇದೊಂದನ್ನೇ ತೊಡಿಸಿಬಿಟ್ಟರೆ? ಎತ್ತಿಕೊಂಡವರ ಮಡಿಲು ತೋಯುವುದು ಖಂಡಿತ.

‘ಲಂಗೋಟಿ’ ಒಳಗಿನ ಬಟ್ಟೆಗೆ ಹೊಂದುತ್ತದೆ, ಮೇಲಿನದಕ್ಕಲ್ಲ. ‘ಹೊದಿಕೆ’ ಅಂದರೆ ರಗ್ಗು ಅಂದುಕೊಳ್ಳುತ್ತಾರೆ. ಸದ್ಯಕ್ಕೆ ನಾನು ‘ಉಣ್ಣೆ ಮೇಲ್ಚಡ್ಡಿ’ ಅಂತ ಬರೆದಿದ್ದೇನೆ. ಯಾತರದ್ದು, ಎಲ್ಲಿ ತೊಡುವುದು, ಎರಡೂ ಅದರಲ್ಲಿ ಬಂತು. ಬಟ್ಟೆಯ ಹೆಸರೇ ಉಡುಪಿನ ಹೆಸರಾಗುವುದು ಹೊಸದೇನಲ್ಲ. ಡೈಪರ್ ಅನ್ನುವುದೇ ಮೊದಲು ಒಂದು ಬಗೆಯ ಬಟ್ಟೆಯ ಹೆಸರು: ಚಿಕ್ಕ ಚಿಕ್ಕ ವಜ್ರಾಕಾರ ಮೂಡುವಂತೆ ನೇಯ್ದ ಬಟ್ಟೆ. ಪೂರ್ತಿ ಬಿಳಿ ಅನ್ನುವ ಅರ್ಥದ ಗ್ರೀಕ್ ಪದ ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಮಗುವಿನ ಸೊಂಟಕ್ಕೆ ಸುತ್ತಿಕೊಂಡಿದ್ದು ಆಮೇಲೆ. ಇದೇ ಚಡ್ಡಿ ಪಾದದ ತನಕ ಇಳಿದರೆ ಲಾಂಗೀಸ್. ಅದಕ್ಕೆ ‘ಉಣ್ಣೆ ಪೈಜಾಮ’ ಸಾಕು, ಅಲ್ವಾ?

ಇನ್ನು ‘ಉಣ್ಣೆ’ ಪದವೇ ಒಂದು ತೊಡಕು. ಸಂಸ್ಕೃತದ ಊರ್ಣಾ ಕನ್ನಡದಲ್ಲಿ ಉಣ್ಣೆ ಆಯಿತು. (ದನದ ಮೈಗೆ ಅಂಟುವ ಹುಳಕ್ಕೂ ಉಣ್ಣೆ ಅನ್ನುತ್ತೇವೆ, ಆದರೆ ಮಗುವಿನ ಚಡ್ಡಿಯ ವಿಷಯದಲ್ಲಿ ಆ ಗೊಂದಲ ಬರಲಾರದು.) ನಿಜವಾದ ತೊಂದರೆ ಬೇರೆ. ಮಾತಿನಲ್ಲಿ ನಾವು ಹೆಣಿಗೆಯ ದಾರಕ್ಕೆಲ್ಲ ‘ಉಲ್ಲನ್’ ಅಂದುಬಿಡುತ್ತೇವೆ. ಅದರಲ್ಲಿ ಅಕ್ರಿಲಿಕ್ ದಾರವೂ ಸೇರಿಕೊಳ್ಳುತ್ತದೆ. ಅಕ್ರಿಲಿಕ್ ಪೆಟ್ರೋಲಿಯಂ ಮೂಲದ ಎಳೆ, ನೀರನ್ನು ಒಳಕ್ಕೆ ಎಳೆದುಕೊಳ್ಳುವುದೇ ಇಲ್ಲ ಅನ್ನುವಷ್ಟು ಕಡಿಮೆ. ಕುರಿಯ ಉಣ್ಣೆ ಹಾಗಲ್ಲ. ತನ್ನ ತೂಕದ ಸುಮಾರು 30 ಶೇಕಡದಷ್ಟು ಪಸೆಯನ್ನು ಎಳೆಯೊಳಗೆ ಇಟ್ಟುಕೊಂಡೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಸ್ವೆಟರಿಗೆ ಯಾವ ದಾರವಾದರೂ ನಡೆದೀತು, ಮೇಲ್ಚಡ್ಡಿಗೆ ನಡೆಯದು. ಅದಕ್ಕೇ ‘ಉಣ್ಣೆ ದಾರ’ ಅನ್ನುವ ಬದಲು ಎಲ್ಲ ಕಡೆ ‘ಕುರಿಯುಣ್ಣೆ ದಾರ’ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು, ಆಗಲಿ.

ಹಾಗೆಯೇ ಸೂಪರ್‌ವಾಶ್ ಅನ್ನುವುದು. ಉಣ್ಣೆಯ ಎಳೆಯ ಮೇಲಿನ ಸಿಪ್ಪೆಗಳನ್ನು ಕ್ಲೋರಿನ್‌ನಿಂದ ತೆಗೆದು, ಇಲ್ಲವೇ ರಾಳದಂಥ ಲೇಪದಿಂದ ಮುಚ್ಚಿ ಮೆಷಿನ್ನಿಗೆ ತಾಳುವಂತೆ ಮಾಡಿದ ದಾರ. ಇದನ್ನು ನಾನು ಹಾಗೇ ‘ಸೂಪರ್‌ವಾಶ್’ ಅಂತಲೇ ಇಡುತ್ತೇನೆ. ಲೇಬಲ್ ಮೇಲೆ ಅದೇ ಪದ ಇರುತ್ತದೆ, ಓದುವವರು ಅದನ್ನೇ ಗುರುತಿಸಬೇಕು.

ನಾನು ಜಾಸ್ತಿ ಹೊತ್ತು ಕೂತದ್ದು ಲ್ಯಾನೊಲಿನ್ ಹತ್ತಿರ. ಕುರಿಯ ಚರ್ಮದ ಗ್ರಂಥಿಗಳಿಂದ ಒಸರಿ ಉಣ್ಣೆಗೆ ಹತ್ತಿಕೊಳ್ಳುವ ಪದಾರ್ಥ ಇದು. ನೂಲು ಮಾಡುವ ಮೊದಲು ತೊಳೆಯುವಾಗ ಬಹುಪಾಲು ಹೋಗಿಬಿಡುತ್ತದೆ. ಮೇಲ್ಚಡ್ಡಿ ನೀರು ತಡೆಯಬೇಕಾದರೆ ಅದನ್ನು ಮತ್ತೆ ಹಿಡಿಸಬೇಕು. ಮೊದಲು ನಾನು ‘ಉಣ್ಣೆಜಿಡ್ಡು’ ಅಂತ ಯೋಚಿಸಿದೆ. ಆದರೆ ಕನ್ನಡದಲ್ಲಿ ಜಿಡ್ಡು ಅಂದರೆ ಉಜ್ಜಿ ತೆಗೆಯಬೇಕಾದ್ದು. ಮಗುವಿನ ಬಟ್ಟೆಯಲ್ಲಿ ಜಿಡ್ಡು ಕಂಡರೆ ಯಾರು ಸುಮ್ನೆ ಬಿಡುತ್ತಾರೆ? ಬಿಸಿನೀರು, ಸೋಪು ಹಿಡಿದು ಕೂತುಬಿಡುತ್ತಾರೆ. ‘ಎಣ್ಣೆ’ಯೂ ಸರಿಯಿಲ್ಲ. ಲ್ಯಾನೊಲಿನ್ ಹೆಸರಿನಲ್ಲಿ ಲ್ಯಾಟಿನ್‌ನ ಉಣ್ಣೆ, ಎಣ್ಣೆ ಎರಡೂ ಇವೆ, ಆದರೂ ಗುಣದಲ್ಲಿ ಅದು ಮೇಣ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ಹಾಗಾಗಿ ‘ಉಣ್ಣೆಮೇಣ’.

ಅದನ್ನು ಹಿಡಿಸುವ ಕೆಲಸಕ್ಕೆ ‘ಲೇಪಿಸು’ ಅಂದರೆ ಮೇಲೆ ಸವರಿಬಿಡುತ್ತಾರೆ. ನಿಜಕ್ಕೂ ಮಾಡುವುದು ಹೀಗೆ: ಚೂರು ಮೇಣವನ್ನು ಮಗುವಿನ ಸೋಪಿನ ಜೊತೆ ಬಿಸಿನೀರಿನಲ್ಲಿ ಕಲಕಬೇಕು. ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ತಣ್ಣೀರು ಬೆರೆಸಿ ಉಗುರು ಬೆಚ್ಚಗೆ ಮಾಡಿ, ಚಡ್ಡಿಯನ್ನು ಕೆಲವು ಗಂಟೆ ಮುಳುಗಿಸಿಡಬೇಕು. ಆಮೇಲೆ ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಹರವಿ ಒಣಗಿಸಬೇಕು. ಮೇಣ ಎಳೆ ಎಳೆಗೂ ಇಳಿಯಬೇಕು. ಇದಕ್ಕೆ ನಮ್ಮಲ್ಲಿ ‘ಊಡು’ ಅನ್ನುವ ಸೊಗಸಾದ ಪದ ಇದೆಯಲ್ಲ! ಬಣ್ಣ ಊಡುವುದು, ವಿಷ ಊಡಿದ ಬಾಣ. ಹಾಗೆಯೇ ‘ಮೇಣ ಊಡುವುದು’. ನನಗಂತೂ ತುಂಬ ಹಿಡಿಸಿದೆ. ಈಗಿನ ಓದುಗರಿಗೆ ‘ಊಡು’ ತಟ್ಟನೆ ತಿಳಿಯುತ್ತದಾ, ಇಲ್ಲ ‘ಮೇಣ ಹಿಡಿಸುವುದು’ ಅಂದರೇ ವಾಸಿಯಾ? ಇದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕೇ ಬೇಕು.

ಫೆಲ್ಟಿಂಗ್‌ಗೆ ಹಲವರು ‘ಕುಗ್ಗುವುದು’ ಅನ್ನುತ್ತಾರೆ. ಸಾಲದು. ಹತ್ತಿ ಬಟ್ಟೆಯೂ ಕುಗ್ಗುತ್ತದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಸಿಪ್ಪೆಗಳಿವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಎಳೆಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಮತ್ತೆ ಬಿಡಿಸಲು ಆಗುವುದಿಲ್ಲ. ಬಾಚದೆ ಬಿಟ್ಟ ಕೂದಲಿಗೆ ಏನನ್ನುತ್ತೇವೆ? ಜಡೆಗಟ್ಟಿದೆ ಅಂತ. ಇಲ್ಲೂ ಅದೇ ಪದ ಸರಿಹೊಂದುತ್ತದೆ. ಕೆಲವರು ಬೇಕಂತಲೇ ಚಡ್ಡಿಯನ್ನು ಒಂಚೂರು ದೊಡ್ಡದಾಗಿ ಹೆಣೆದು, ಬಿಸಿನೀರಿನಲ್ಲಿ ಉಜ್ಜಿ ಒತ್ತಾಗಿಸುತ್ತಾರೆ. ಅದು ‘ಜಡೆಗಟ್ಟಿಸುವುದು’. ಕೈತಪ್ಪಿ ಆದದ್ದು ‘ಜಡೆಗಟ್ಟುವುದು’. ಒಂದು ‘ಇಸು’ ಸೇರಿಸಿದರೆ ಮುಗಿಯಿತು.

ಹೆಣಿಗೆಯ ಪದಗಳಲ್ಲಿ ಸ್ಟಿಚ್‌ಗೆ ‘ಹೊಲಿಗೆ’ ಅನ್ನುವುದು ನನಗೆ ಒಗ್ಗದು, ‘ಕುಣಿಕೆ’ ಅಂದರೆ ಕಡ್ಡಿಯ ಮೇಲಿರುವುದೇ ಕಣ್ಣಿಗೆ ಬರುತ್ತದೆ. ಹೆಣಿಗೆಯ ಎರಡು ಮೂಲ ಕುಣಿಕೆಗಳಾದ ನಿಟ್, ಪರ್ಲ್‌ಗೆ ‘ಸೀದಾ, ಉಲ್ಟಾ’. ರಿಬ್ಬಿಂಗನ್ನು ಯಂತ್ರಾನುವಾದಕ್ಕೆ ಕೊಟ್ಟರೆ ‘ಸೊಂಟಕ್ಕೆ ಪಕ್ಕೆಲುಬು ಹಾಕಿ’ ಅಂದೀತು! ಎರಡು ಸೀದಾ, ಎರಡು ಉಲ್ಟಾ ಹೆಣೆದು ಬರುವ ಆ ಪಟ್ಟಿ ಹಿಗ್ಗಿ ಮತ್ತೆ ಕೂರುತ್ತದೆ, ಅದಕ್ಕೆ ‘ಹಿಗ್ಗುಪಟ್ಟಿ’ ಅಂದಿದ್ದೇನೆ. ಟೆನ್ಷನ್ ಅಂತ ಬರೆದರೆ ಓದುವವರಿಗೇ ಟೆನ್ಷನ್. 10 ಸೆಂಟಿಮೀಟರ್ ಚೌಕದಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಅನ್ನುವ ಲೆಕ್ಕ ಅದು. ‘ಹೆಣಿಗೆಯ ಬಿಗಿ’ ಸಾಕು. ಶಾರ್ಟ್ ರೋ ಅಂದರೆ ಸಾಲನ್ನು ಪೂರ್ತಿ ಮುಗಿಸದೆ ನಡುವೆಯೇ ತಿರುಗಿ ಬರುವುದು. ಡೈಪರ್ ದಪ್ಪ ಇರುವುದರಿಂದ ಹಿಂಭಾಗ ಎತ್ತರ ಬೇಕು, ಅದಕ್ಕೆ ಈ ಉಪಾಯ. ‘ಚಿಕ್ಕ ಸಾಲು’ ಅಂದರೆ ಕುಣಿಕೆ ಕಡಿಮೆ ಮಾಡಿಬಿಡುತ್ತಾರೆ. ‘ತಿರುವುಸಾಲು’ ಆಗಬಹುದಾ?

ವಾಟರ್‌ಪ್ರೂಫ್ ಅನ್ನುವ ಮಾತನ್ನು ಮಾತ್ರ ಬಳಸುವುದಿಲ್ಲ. ಮೇಣ ಊಡಿದ ಉಣ್ಣೆಯೂ ಒಳಗಿನ ಬಟ್ಟೆ ತುಂಬಿ, ಮಗು ಒಂದೇ ಕಡೆ ತುಂಬ ಹೊತ್ತು ಒತ್ತಿ ಕೂತರೆ ಒದ್ದೆ ಬಿಡುತ್ತದೆ. ಅದನ್ನು ‘ಸೋರುತ್ತದೆ’ ಅನ್ನುವುದು ಜಾಸ್ತಿಯಾಯಿತು. ‘ಜಿನುಗುತ್ತದೆ’ ಅಂತ ಬರೆದಿದ್ದೇನೆ.

ಉಳಿದದ್ದು ಗಸೆಟ್. ಎರಡು ಕಾಲಿನ ನಡುವೆ ಕೂರಿಸುವ ತುಂಡು, ಮಗು ಕಾಲಾಡಿಸಲು ಸಡಿಲ ಸಿಗಲಿ ಅಂತ ಹಾಕುವುದು. ‘ಕವಲುಪಟ್ಟಿ’ ಅಂತ ನಾನೇ ಕಟ್ಟಿಕೊಂಡಿದ್ದೇನೆ, ಅಷ್ಟೇನೂ ಸಮಾಧಾನ ಇಲ್ಲ. ಪೈಜಾಮ ಹೊಲಿಯುವ ದರ್ಜಿಗಳ ಬಾಯಲ್ಲಿ ಇದಕ್ಕೆ ಯಾವ ಪದ ಕೇಳಿದ್ದೀರಿ?