ಡಬ್ಲಿನ್‌ನ ಜಿ ಡಿವಿಷನ್: ಪತ್ತೇದಾರರೋ, ಗೂಢಚಾರರೋ, ಮಫ್ತಿ ಪೊಲೀಸರೋ?

ಗೆಳೆಯರೇ,

ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ಬಗ್ಗೆ ಬರೆಯುತ್ತಿದ್ದೇನೆ. ಎರಡು ಕಡೆ ಕನ್ನಡ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ಡಿಟೆಕ್ಟಿವ್. ಡಬ್ಲಿನ್ ಪೊಲೀಸರಲ್ಲಿ ಜಿ ಡಿವಿಷನ್ ಅಂತ ಒಂದು ವಿಭಾಗ ಇತ್ತು. ಕಳ್ಳತನದ ಕೇಸುಗಳ ಜೊತೆಗೆ ರಾಜಕೀಯದವರ ಮೇಲೆ ಕಣ್ಣಿಡುವುದೂ ಇವರ ಕೆಲಸ. ಬ್ರಿಟಿಷರ ವಿರುದ್ಧ ಎದ್ದ 1916ರ ದಂಗೆ ಸೋತ ಮೇಲೆ, ಸೆರೆಸಿಕ್ಕವರ ನಡುವೆ ಮುಂದಾಳುಗಳು ಯಾರು ಅಂತ ಗುರುತು ಹಿಡಿದು ಕೊಟ್ಟವರು ಇವರೇ. ಪತ್ತೇದಾರ ಅಂದರೆ ಭೂತಗನ್ನಡಿ ಹಿಡಿದ ಕಾದಂಬರಿ ನಾಯಕ ನೆನಪಾಗುತ್ತಾನೆ. ಗೂಢಚಾರ ಅನ್ನೋಣ ಅಂದ್ರೆ ಗೂಢ ಎಲ್ಲಿಂದ ಬಂತು? ಹೋರಾಟಗಾರರಿಗೆ ಇವರ ಮುಖ ಚೆನ್ನಾಗಿಯೇ ಗೊತ್ತಿತ್ತು. ನಿಜವಾದ ಗೂಢಚಾರ ಅಂದರೆ ನೆಡ್ ಬ್ರಾಯ್. ಜಿ ಡಿವಿಷನ್‌ನಲ್ಲೇ ಕೆಲಸಕ್ಕಿದ್ದುಕೊಂಡು, 1919ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಹೋರಾಟಗಾರರ ಮುಂದಾಳು ಮೈಕೆಲ್ ಕಾಲಿನ್ಸ್‌ರನ್ನು ಅಲ್ಲಿನ ದಾಖಲೆ ಕೋಣೆಗೇ ಬಿಟ್ಟ ಮಹಾಶಯ. ಇಬ್ಬರಿಗೂ ಅದೇ ಪದ ಹಾಕಿದರೆ ಯಾರು ಯಾರ ಕಡೆ ಅಂತ ತಿಳಿಯುವುದೇ ಇಲ್ಲ.

ಸಿಐಡಿ ಅನ್ನಬಹುದು, ಆದರೆ ಅದು ನಮ್ಮ ಇಲಾಖೆಯ ಹೆಸರಾಯಿತು. ಸದ್ಯಕ್ಕೆ 'ಮಫ್ತಿ ಪೊಲೀಸರು' ಅಂತ ಬರೆದಿದ್ದೇನೆ. ತಕರಾರು ಒಂದೇ: ಒಂದು ದಿನದ ಮಟ್ಟಿಗೆ ಯಾವ ಪೇದೆ ಬೇಕಾದರೂ ಮಫ್ತಿಯಲ್ಲಿ ಹೋಗಬಹುದು, ಅಲ್ವಾ?

ಎರಡನೆಯದು, ಒಬ್ಬೊಬ್ಬರನ್ನೇ ಗುರಿಯಿಟ್ಟು ಕೊಲ್ಲುವುದಕ್ಕೆ ಒಂದು ಪದ. ಇದು ಇನ್ನೂ ಕಷ್ಟ. ಕಾಲಿನ್ಸ್ ಕಡೆಯವರು ಜಿ ಡಿವಿಷನ್‌ನವರಿಗೆ ಮೊದಲು ಎಚ್ಚರಿಕೆ ಕೊಟ್ಟರು. ಕೇಳದವರನ್ನು ಕೊಂದರು. 1919ರ ಜುಲೈ 30ರಂದು ಆ ವಿಭಾಗದ ಪ್ಯಾಟ್ರಿಕ್ ಸ್ಮಿತ್‌ಗೆ ಅವರ ಮನೆ ಹತ್ತಿರವೇ ಗುಂಡು ಹೊಡೆದರು; ಸೆಪ್ಟೆಂಬರ್ 8ಕ್ಕೆ ಅವರು ತೀರಿಕೊಂಡರು. ನಾಲ್ಕೇ ದಿನ ಬಿಟ್ಟು ಅದೇ ವಿಭಾಗದ ಡೇನಿಯಲ್ ಹೋಯಿ ಬಲಿಯಾದರು, ಅದೂ ಪೊಲೀಸ್ ಕಚೇರಿಯ ಹತ್ತಿರ. ಇದನ್ನು 'ಉದ್ದೇಶಿತ ಹತ್ಯೆ' ಅಂತ ಬರೆದರೆ ಸರ್ಕಾರಿ ಸುತ್ತೋಲೆ ಓದಿದಂತಾಗುತ್ತದೆ. ಮೇಲಾಗಿ, ಉದ್ದೇಶ ಇಲ್ಲದ ಹತ್ಯೆ ಯಾವುದು? ವಧೆ ಅಂದರೆ ಸತ್ತವನು ಕೀಚಕನಾಗುತ್ತಾನೆ. ಕೊಲೆ ಅಂದರೆ ಬ್ರಿಟಿಷರ ಪರ ವಾದಿಸಿದಂತೆ. ಆಮೇಲೆ ಈ ಕೆಲಸಕ್ಕೇ ಒಂದು ತಂಡ ಕಟ್ಟಿ ಸಂಬಳವನ್ನೂ ಕೊಟ್ಟರು. ಹಾಗಂತ ಯಾರೂ ದಯವಿಟ್ಟು ಸುಪಾರಿ ಅನ್ನಬೇಡಿ!

'ಹೆಕ್ಕಿ ಹೆಕ್ಕಿ ಕೊಂದರು' ಅಂತ ವಾಕ್ಯದೊಳಗೆ ಸಲೀಸಾಗಿ ಬರುತ್ತದೆ. ತಲೆಬರಹಕ್ಕೆ ಮಾತ್ರ ಒಂದು ನಾಮಪದ ಬೇಕು. 'ಹೆಕ್ಕುಗೊಲೆ' ಅಂತ ಹೊಸೆದರೆ ನಗುತ್ತೀರಾ? ನಿಮ್ಮ ಕಡೆ ಮಾತಿನಲ್ಲಿ ಇದಕ್ಕೆ ಪದ ಇದ್ದರೆ ತಿಳಿಸಿ.