ಹೂವೋ, ಪೊರೆಯೋ? ನಾಯಿ ಬೆಕ್ಕಿನ ಕಣ್ಣಿನ ಬೇನೆಗಳಿಗೆ ನಿಮ್ಮಲ್ಲಿ ಏನಂತೀರಿ?

ಗೆಳೆಯರೇ, ನಮಸ್ಕಾರ.

ನಮ್ಮ ಬೀದಿಯಲ್ಲಿ ನಾಯಿ ಬೆಕ್ಕುಗಳಿಗೆ ಅನ್ನ ಹಾಕುವ ನಾಲ್ಕೈದು ಮನೆಯವರು ಸೇರಿ ಒಂದು ಹಾಳೆಯ ಕರಪತ್ರ ಮಾಡುತ್ತಿದ್ದೇವೆ. ಅವುಗಳ ಕಣ್ಣಿಗೆ ಏನಾದರೂ ಆದಾಗ ಏನು ನೋಡಬೇಕು, ಯಾವಾಗ ಡಾಕ್ಟರ ಹತ್ತಿರ ಓಡಬೇಕು, ಅಷ್ಟೇ ವಿಷಯ. ಬರೆಯೋಕೆ ಕೂತರೆ ಪದಗಳೇ ಕೈಕೊಟ್ಟವು. ಮನೆಮಾತಿನ ಪದ ಊರಿಂದೂರಿಗೆ ಬೇರೆ, ಪುಸ್ತಕದ ಪದ ಯಾರ ಬಾಯಲ್ಲೂ ಇಲ್ಲ.

ಮೊದಲು ಹೂ ಮತ್ತು ಪೊರೆ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ನಮ್ಮ ನಾಯಿ ಕರಿಯನಿಗೆ ಒಂಬತ್ತು ವರ್ಷ. ಹೋದ ವರ್ಷ ಒಂದು ಬೆಳಿಗ್ಗೆ ಎಡಗಣ್ಣು ಕಿವುಚಿಕೊಂಡು ಮೂಲೆಯಲ್ಲಿ ಕೂತಿದ್ದ, ನೀರು ಸುರೀತಿತ್ತು, ಕಪ್ಪುಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬೆಳ್ಳಗೆ. ಅತ್ತೆ ನೋಡಿದವರೇ "ಹೂ ಬಿದ್ದಿದೆ ಕಣಮ್ಮ, ಬೆಕ್ಕು ಪರಚಿರಬೇಕು" ಅಂದರು. ಅವರು ದನ ಸಾಕಿದ ಮನೆಯವರು. ನಾನು ಪೇಟೆಯವಳು, ನನ್ನ ಬಾಯಿಗೆ ಬರೋದು ಪೊರೆ ಒಂದೇ. ಕ್ಲಿನಿಕ್ಕಿಗೆ ಫೋನ್ ಮಾಡಿ "ಕಣ್ಣಿಗೆ ಪೊರೆ ಬಂದ ಹಾಗಿದೆ" ಅಂದೆ. ವಯಸ್ಸು ಕೇಳಿದರು, ಹೇಳಿದೆ. "ವಯಸ್ಸಾದ ಮೇಲೆ ಬರುತ್ತೆ, ಅರ್ಜೆಂಟಿಲ್ಲ, ಸೋಮವಾರ ಕರ್ಕೊಂಡು ಬನ್ನಿ" ಅಂದರು. ಅವತ್ತು ಶುಕ್ರವಾರ.

ಸೋಮವಾರ ಡಾಕ್ಟರು ಕಿತ್ತಳೆ ಬಣ್ಣದ ಒಂದು ಸಣ್ಣ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಕಣ್ಣಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟರು. ಬೆಳ್ಳಗಿದ್ದ ಜಾಗ ಹಸಿರಾಗಿ ಹೊಳೆಯಿತು. ಮೇಲಿನ ಪದರ ಕಿತ್ತುಹೋಗಿ ಹುಣ್ಣಾಗಿರುವ ಕಡೆ ಮಾತ್ರ ಆ ಬಣ್ಣ ಹಿಡಿಯುತ್ತಂತೆ. ಮೂರು ದಿನದಲ್ಲಿ ಹುಣ್ಣು ಆಳಕ್ಕೆ ಇಳಿದಿತ್ತು. "ಹೂ ಅಂದಿದ್ರೆ ಅವತ್ತೇ ಬನ್ನಿ ಅಂತಿದ್ವಿ" ಅಂದರು. ಅತ್ತೆ ಆಮೇಲೆ ಏನೂ ಹೇಳಲಿಲ್ಲ, ಹೇಳೋದು ಬೇಕಾಗಿಯೂ ಇರಲಿಲ್ಲ.

ನಾನು ತಿಳಿದುಕೊಂಡ ಪ್ರಕಾರ ಹೂ ಇರೋದು ಕಣ್ಣಿನ ಮೇಲ್ಮೈಯಲ್ಲಿ, ಮುಂದಿನ ಗಾಜಿನಂಥ ಪದರದ ಮೇಲೆ. ಪೊರೆ ಇರೋದು ಒಳಗೆ, ಪಾಪೆಯ ಹಿಂದಿನ ಮಸೂರದಲ್ಲಿ. ಪಕ್ಕದಿಂದ ನೋಡಿದರೆ ಈ ವ್ಯತ್ಯಾಸ ಕಾಣುತ್ತೆ. ಹೂ ದಿನದ ಮೇಲೆ ದಿನ ಕಾಯುವಂಥದ್ದಲ್ಲ, ಪೊರೆ ಸಾಮಾನ್ಯವಾಗಿ ನಿಧಾನ. ಸಕ್ಕರೆ ಕಾಯಿಲೆಯ ನಾಯಿಗೆ ಮಾತ್ರ ಪೊರೆ ಬೇಗ ಕಟ್ಟಿಬಿಡುತ್ತೆ. ಇಷ್ಟು ಚೆನ್ನಾಗಿ ಬೇರೆ ಮಾಡಿಟ್ಟ ಎರಡು ಪದಗಳಿದ್ದೂ ನಾವು ಎಲ್ಲದಕ್ಕೂ ಪೊರೆ ಅಂತೀವಲ್ಲ ಅನ್ನೋದೇ ನನ್ನ ತಕರಾರು. ಹೂವಿನ ಮಾತು ನಮ್ಮೊಬ್ಬರದೇ ಅಲ್ಲ. ತಮಿಳಿನಲ್ಲಿ ಕಣ್ಣಿಗೆ ಪೂ ಬೀಳುತ್ತೆ, ತೆಲುಗಿನಲ್ಲಿ ಪುವ್ವು, ಮರಾಠಿಯಲ್ಲಿ ಫೂಲ್. ಪೊರೆಗೆ ಮಾತ್ರ ಮರಾಠಿಯವರು ಮುತ್ತಿನ ಮೋತಿಬಿಂದು ಹಿಡಿದರು, ನಾವು ಹಾವು ಬಿಡುವ ಪೊರೆಯನ್ನೇ ಕಣ್ಣಿಗೂ ತಂದೆವು.

ಇಲ್ಲೊಂದು ಅನುಮಾನ. ಹೂ ಅಂದರೆ ಹಸಿ ಹುಣ್ಣಿಗೂ ಹೇಳ್ತೀರಾ, ಅಥವಾ ಗಾಯ ಮಾಯ್ದ ಮೇಲೆ ಉಳಿಯುವ ಬಿಳಿ ಕಲೆಗೆ ಮಾತ್ರವಾ? ನಮ್ಮತ್ತೆಗೆ ಎರಡೂ ಹೂವೇ. ಕರಪತ್ರಕ್ಕೆ ಇದು ಮುಖ್ಯ, ಯಾಕಂದರೆ ಹಸಿ ಹುಣ್ಣಿನ ಮೇಲೆ ಮನೆಯಲ್ಲಿ ಉಳಿದಿರುವ ಸ್ಟೀರಾಯ್ಡ್ ಡ್ರಾಪ್ಸ್ ಬಿಟ್ಟರೆ ಕಣ್ಣು ತೂತಾಗುವ ತನಕ ಹೋಗಬಹುದು. ಹರಳೆಣ್ಣೆ, ಉಪ್ಪುನೀರು, ಹೊಗೆಸೊಪ್ಪಿನ ರಸ ಯಾವುದೂ ಬೇಡ ಅಂತಲೂ ಹಾಕಿದ್ದೇವೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯೋದು ಗಾದೆಯಲ್ಲೇ ಇರಲಿ.

ಇನ್ನು ಮುದಿನಾಯಿಗಳ ಕಣ್ಣಿನ ನೀಲಿ ಮಬ್ಬು. ಏಳೆಂಟು ವರ್ಷ ದಾಟಿದ ಮೇಲೆ ಪಾಪೆ ಹೊಗೆ ಕವಿದ ಹಾಗೆ ಕಾಣುತ್ತೆ. ಇದು ಕಾಯಿಲೆಯಲ್ಲ, ಮಸೂರದ ನಡುಭಾಗ ವಯಸ್ಸಿನ ಜೊತೆ ಗಟ್ಟಿಯಾಗುವುದು. ನೋಟಕ್ಕೆ ಹೆಚ್ಚು ತೊಂದರೆಯಿಲ್ಲ. ರಾತ್ರಿ ಟಾರ್ಚ್ ಬಿಟ್ಟಾಗ ನಾಯಿ ಕಣ್ಣು ಫಳಕ್ ಅನ್ನುತ್ತಲ್ಲ, ಈ ಮಬ್ಬಿನಲ್ಲಿ ಆ ಹೊಳಪು ಕಾಣುತ್ತೆ, ಬಲಿತ ಪೊರೆ ಅದನ್ನು ತಡೆದುಬಿಡುತ್ತೆ. ಹತ್ತಿ ಉಂಡೆಯನ್ನು ಕಣ್ಣ ಮುಂದೆ ಬೀಳಿಸಿ, ಅದು ಸದ್ದು ಮಾಡಲ್ಲ, ನೋಟ ಇರುವ ನಾಯಿ ತಲೆ ಬಗ್ಗಿಸಿ ನೋಡುತ್ತೆ. ಈ ನೀಲಿ ಮಬ್ಬಿಗೆ ಕನ್ನಡದಲ್ಲಿ ಪದ ಇದೆಯಾ? ನಾನು ಸುಮ್ನೆ "ಮುಪ್ಪಿನ ಮಬ್ಬು" ಅಂತ ಬರೆದಿಟ್ಟಿದ್ದೇನೆ.

ಬೆಕ್ಕಿನ ಕಥೆ ಬೇರೆ. ಚಿನ್ನಿಗೆ ಹೊಟ್ಟೆ ಕೆಟ್ಟಿದ್ದಾಗ ಎರಡೂ ಕಣ್ಣಿನ ಮೂಗಿನ ಕಡೆಯಿಂದ ಬಿಳಿ ಚರ್ಮ ಬಂದು ಅರ್ಧ ಮುಚ್ಚಿಬಿಟ್ಟಿತ್ತು. ಪಕ್ಕದ ಮನೆಯವರು ಏನಂದರು ಹೇಳಿ? ಪೊರೆ! ಅದು ನಾಯಿ ಬೆಕ್ಕುಗಳಿಗೆ ಇರುವ ಮೂರನೇ ರೆಪ್ಪೆ. ಎರಡೂ ಕಣ್ಣಲ್ಲಿ ಒಟ್ಟಿಗೆ ಕಂಡರೆ ಎಷ್ಟೋ ಸಲ ತೊಂದರೆ ಮೈಯಲ್ಲಿರುತ್ತೆ, ಒಂದೇ ಕಣ್ಣಲ್ಲಿ ಕಂಡರೆ ಆ ಕಣ್ಣು ನೋಯುತ್ತಿದೆಯಾ ನೋಡಬೇಕು. ಚಿನ್ನಿಗೆ ಹೊಟ್ಟೆ ಸರಿಹೋದ ಮೇಲೆ ತಾನಾಗೇ ಒಳಗೆ ಹೋಯಿತು. ಪುಸ್ತಕದಲ್ಲಿ ಇದಕ್ಕೆ ನಿಮೇಷಕ ಪಟಲ. ನಿಮಿಷ ಅಂದರೆ ಮೊದಲು ರೆಪ್ಪೆ ಬಡಿಯೋದೇ ಅಲ್ವಾ, ಅದಕ್ಕೇ ರೆಪ್ಪೆ ಬಡಿಯದ ದೇವತೆಗಳೂ ಮೀನುಗಳೂ ಅನಿಮಿಷ. ಚೆಂದದ ಪದವೇ, ಆದರೆ ಕರಪತ್ರಕ್ಕೆ ಹಾಕಿದರೆ ಯಾರೂ ಓದಲ್ಲ. "ಒಳರೆಪ್ಪೆ" ಅಂದರೆ ಹೇಗೆ?

ಆ ರೆಪ್ಪೆಯಡಿಯ ಗ್ರಂಥಿ ಕೆಲವು ನಾಯಿಗಳಲ್ಲಿ ಹೊರಗೆ ಜಾರಿ ಕೆಂಪು ಹಣ್ಣಿನ ಹಾಗೆ ಕೂರುತ್ತೆ. ಡಾಕ್ಟರು ಚೆರ್ರಿ ಐ ಅಂತಾರೆ, ನಮ್ಮ ಕಡೆ ದುರ್ಮಾಂಸ ಅಂತಾರೆ. ಈ ಪದ ನನಗೆ ಇಷ್ಟವಿಲ್ಲ. ದುರ್ಮಾಂಸ ಅಂದಕೂಡಲೇ ಕತ್ತರಿಸಿ ಹಾಕಿ ಅನ್ನೋ ಮಾತೇ ಬರೋದು. ಆದರೆ ಕಣ್ಣೀರಿನ ಸುಮಾರು ಮೂರನೇ ಒಂದು ಪಾಲು ಬರೋದೇ ಆ ಗ್ರಂಥಿಯಿಂದ, ತೆಗೆದರೆ ಮುಂದೆ ಕಣ್ಣು ಒಣಗುವ ಭಯ ಜಾಸ್ತಿ. ಅದಕ್ಕೇ ಈಗ ಆಪರೇಷನ್ ಮಾಡಿ ಅದರ ಜಾಗಕ್ಕೇ ಕೂರಿಸಿ ಹೊಲಿಯುತ್ತಾರೆ. ತಪ್ಪು ದಾರಿ ತೋರಿಸದ ಬೇರೆ ಪದ ಹೇಳಿ.

ಗೀಜಿನ ಬಗ್ಗೆ ಜಗಳ ನಮ್ಮ ಗುಂಪಿನೊಳಗೇ ಇದೆ. ಗೀಜು, ಪಿಸುರು, ಪಿಚ್ಚು ಮೂರೂ ಒಂದೇನಾ? ಬೆಳಿಗ್ಗೆ ಮೂಲೆಯಲ್ಲಿ ಕಂದು ಬಣ್ಣದ ಒಣ ಹರಳು ಇದ್ದರೆ ಚಿಂತೆಯಿಲ್ಲ. ಹಳದಿ, ಹಸಿರು ಕೀವು ಬಂದರೆ ತೋರಿಸಬೇಕು. ಅಂಟಂಟಾಗಿ ಎಳೆ ಬಂದು, ಕಣ್ಣಿನ ಹೊಳಪೂ ಹೋಗಿದ್ದರೆ ಕಣ್ಣೀರು ಕಡಿಮೆ ಇರಬಹುದು. ಅದನ್ನೂ ಪಟ್ಟಿ ಇಟ್ಟು 1 ನಿಮಿಷ ಅಳೆಯುತ್ತಾರೆ, ನಾಯಿಗೆ 15 ಮಿಲಿಮೀಟರ್ ಒದ್ದೆಯಾದರೆ ಸರಿ. ಒಣದಕ್ಕೊಂದು, ಹಸಿಗೊಂದು ಪದ ಇದ್ದರೆ ಕರಪತ್ರಕ್ಕೆ ಎಷ್ಟು ಅನುಕೂಲ! ಒರೆಸೋದಕ್ಕೆ ಕುದಿಸಿ ಆರಿಸಿದ ನೀರು, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ, ಅಷ್ಟೇ.

ಕಣ್ಣು ಕೆಂಪಾಗೋದಕ್ಕೆ "ಕೆಂಗಣ್ಣು" ಬರೆದಿದ್ದೆ, ಓದಿದವರೊಬ್ಬರು ನಾಯಿಗೆ ಯಾರ ಮೇಲೆ ಸಿಟ್ಟು ಅಂತ ಕೇಳಿದರು. ತೆಗೆದುಹಾಕಿದೆ. ಗ್ಲಾಕೋಮಾವನ್ನು ಹಾಗೇ ಬಿಟ್ಟಿದ್ದೇನೆ. ಕಣ್ಣಿನೊಳಗಿನ ಒತ್ತಡ ಏರಿ, ಕೆಂಪಾಗಿ, ಗುಡ್ಡೆ ದಪ್ಪಗಾಗಿ, ಗಂಟೆಗಳ ಲೆಕ್ಕದಲ್ಲಿ ನೋಟ ಹೋಗಬಹುದು. ಮರಾಠಿಯಲ್ಲಿ ಇದು ಕಾಚಬಿಂದು, ಬೆಳಗಾವಿ ಕಡೆಯ ಕನ್ನಡದಲ್ಲೂ ಹಾಗೇ ಅಂತೀರಾ?

ಕೊನೆಗೆ, ಕಣ್ಣು ಕೆರೆದುಕೊಳ್ಳದಂತೆ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಕೋನ್. ಕರಿಯನಿಗೆ ಹಾಕಿದಾಗ ಅತ್ತೆ ಅದಕ್ಕೆ ಲಾಳಿಕೆ ಅಂತ ಹೆಸರಿಟ್ಟರು, ಸೀಮೆಎಣ್ಣೆ ಸುರಿಯುವ ಲಾಳಿಕೆ ಹಾಗೇ ಇತ್ತು. ನಾನು ಅದನ್ನೇ ಬರೆದಿದ್ದೇನೆ. ಕೆಲವು ಕಡೆ ಆಲಿಕೆ ಅಂತಾರಲ್ಲ, ಯಾವುದು ಹೆಚ್ಚು ಜನಕ್ಕೆ ಗೊತ್ತು?

ಮುಂದಿನ ವಾರ ಹಾಳೆ ಜೆರಾಕ್ಸಿಗೆ ಹೋಗುತ್ತೆ, ಅಷ್ಟರೊಳಗೆ ಬರೆಯಿರಿ. ಉತ್ತರದ ಜೊತೆ ಯಾವ ಊರು, ಯಾರ ಬಾಯಲ್ಲಿ ಕೇಳಿದ್ದು ಅನ್ನೋದನ್ನೂ ಹೇಳಿ. ಕರಿಯನ ಕಣ್ಣು ಉಳಿಯಿತು, ಸಾಸಿವೆಕಾಳಿನಷ್ಟು ಬಿಳಿ ಉಳಿದಿದೆ. ಡಾಕ್ಟರು ಅದನ್ನು ಕಲೆ ಅಂತಾರೆ, ಅತ್ತೆ ಈಗಲೂ ಹೂ ಅಂತಾರೆ.