ಹಳೇ ಕಾರಿನ ಕಾರ್ಪೆಟ್ ಒದ್ದೆ: ರಬ್ಬರ್ ಬದಲಿಸುವ ಮೊದಲು ನೀರಿನ ದಾರಿ ನೋಡಿ

ಪ್ರಶ್ನೆ:
ನನ್ನ ಕಾರಿಗೆ ಈಗ 16 ವರ್ಷ. ಎಂಜಿನ್ ಗಟ್ಟಿಯಾಗಿದೆ, ಓಡಿಸೋಕೆ ಏನೂ ತೊಂದರೆ ಇಲ್ಲ. ಆದರೆ ರಾತ್ರಿ ಜೋರು ಮಳೆ ಬಂದರೆ ಬೆಳಿಗ್ಗೆ ಡ್ರೈವರ್ ಪಕ್ಕದ ಸೀಟಿನವರು ಕಾಲಿಡುವ ಜಾಗ ಒದ್ದೆ. ಮೇಲೆ ಮುಟ್ಟಿದರೆ ಕಾರ್ಪೆಟ್ ಒಣಗಿದ ಹಾಗೇ ಇರುತ್ತದೆ. ಮುಷ್ಟಿಯಿಂದ ಒತ್ತಿದರೆ ಸುತ್ತ ನೀರು ಉಕ್ಕುತ್ತದೆ. ಗಾಜಿನ ಒಳಗಡೆ ಮಂಜು, ಜೊತೆಗೆ ಮುಗ್ಗಲು ವಾಸನೆ. ಕಾರಿಗೆ ಸನ್‌ರೂಫ್ ಇದೆ. ಒಬ್ಬರು ಮುಂದಿನ ಗಾಜಿನ ಸುತ್ತ ಸಿಲಿಕೋನ್ ಬಳಿದುಕೊಟ್ಟರು, ಪ್ರಯೋಜನ ಆಗಲಿಲ್ಲ. ಇನ್ನೊಬ್ಬರು ಸನ್‌ರೂಫ್ ರಬ್ಬರನ್ನೇ ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಲಾ?

ಉತ್ತರ (ಬಾಡಿ ಕೆಲಸದ ಮೆಕ್ಯಾನಿಕ್):
ಸದ್ಯಕ್ಕೆ ಬೇಡ. ಸಿಲಿಕೋನ್ ಟ್ಯೂಬನ್ನೂ ಎತ್ತಿಡಿ.

ಕಾರು ಅಂದರೆ ನೀರು ನುಗ್ಗದ ಡಬ್ಬಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಿಜ ಹೇಳಬೇಕು ಅಂದರೆ ಪ್ರತಿ ಮಳೆಯಲ್ಲೂ ನಿಮ್ಮ ಕಾರಿನೊಳಗೆ ನೀರು ಹೋಗುತ್ತದೆ, ಹೊಸ ಕಾರಿದ್ದಾಗಲೂ ಹೋಗುತ್ತಿತ್ತು. ಮುಂದಿನ ಗಾಜಿನ ಮೇಲೆ ಬಿದ್ದದ್ದು ವೈಪರ್ ಕೆಳಗಿನ ಜಾಲರಿಯಿಂದ ಇಳಿದು ಒಂದು ತೊಟ್ಟಿಗೆ ಬೀಳುತ್ತದೆ. ಕಿಟಕಿ ಗಾಜಿನ ಮೇಲಿನದು ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತದೆ. ಸನ್‌ರೂಫ್ ರಬ್ಬರ್ ನೀರನ್ನು ಪೂರ್ತಿ ತಡೆಯೋದಿಲ್ಲ. ತಪ್ಪಿಸಿಕೊಂಡು ಬಂದದ್ದನ್ನು ಹಿಡಿಯೋಕೆ ಅಂತಲೇ ಅದರ ಕೆಳಗೆ ತಟ್ಟೆ ಇಟ್ಟಿರುತ್ತಾರೆ. ಈ ಮೂರೂ ಕಡೆಯಿಂದ ನೀರು ಹೊರಗೆ ಹೋಗೋಕೆ ತೂತು, ಕೊಳವೆ ಇರುತ್ತವೆ. 16 ವರ್ಷದಲ್ಲಿ ಅವೇ ಕಟ್ಟಿಕೊಳ್ಳೋದು. ನನ್ನ ಕೈಗೆ ಬರುವ ಒದ್ದೆ ಕಾರುಗಳಲ್ಲಿ ಹೆಚ್ಚಿನವು ಇದೇ ಜಾತಿ.

ನೀವು ವೈಪರ್ ಕೆಳಗಿನ ತೊಟ್ಟಿಯಿಂದ ಶುರು ಮಾಡಿ. ಬಾನೆಟ್ ಎತ್ತಿ, ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿ ನೋಡಿ. ಅದನ್ನು ತೆಗೆಯೋಕೆ ಕೆಲವು ಕಾರಲ್ಲಿ ವೈಪರ್ ತೋಳನ್ನೂ ಬಿಚ್ಚಬೇಕಾಗುತ್ತದೆ. ಬಿಚ್ಚುವ ಮೊದಲು ತೋಳು ಗಾಜಿನ ಮೇಲೆ ಎಲ್ಲಿ ನಿಂತಿತ್ತು ಅಂತ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಒಳಗೆ ಎಲೆ, ಹೂವಿನ ಎಸಳು, ಧೂಳು ಸೇರಿ ಕೊಳೆತು ಮಣ್ಣೇ ಆಗಿರುತ್ತದೆ. ಅದರಲ್ಲಿ ಗಿಡ ಮೊಳೆತದ್ದನ್ನೂ ನೋಡಿದ್ದೀನಿ. ಕೈಯಿಂದ, ಚಮಚದಿಂದ ಎತ್ತಿ ಹಾಕಿ. ನೀರು ಬಿಟ್ಟು ತೊಳೆಯೋದು ಆಮೇಲೆ. ಮೊದಲೇ ಪೈಪ್ ಬಿಟ್ಟರೆ ಆ ಮಣ್ಣೆಲ್ಲಾ ಹೋಗಿ ತೂತಿನ ಬಾಯಿಗೇ ಕೂರುತ್ತದೆ.

ತೊಟ್ಟಿಯ ಎಡ ತುದಿ, ಬಲ ತುದಿಯಲ್ಲಿ ಸಾಮಾನ್ಯವಾಗಿ ಒಂದೊಂದು ತೂತು. ಎಷ್ಟೋ ಕಾರುಗಳಲ್ಲಿ ಆ ತೂತಿನ ಕೆಳಗೆ ಬಾತುಕೋಳಿ ಕೊಕ್ಕಿನ ಹಾಗೆ ಚಪ್ಪಟೆ ರಬ್ಬರ್ ನೇತಾಡುತ್ತಿರುತ್ತದೆ. ನೀರು, ಧೂಳು ಕೆಳಗಿಂದ ಮೇಲೆ ಬರಬಾರದು ಅಂತ ಕೊಟ್ಟಿರೋದು. ಹಳೇದಾದರೆ ಕೊಕ್ಕಿನ ತುಟಿಗಳು ಒಂದಕ್ಕೊಂದು ಅಂಟಿಕೊಂಡು, ಮೇಲೆ ಕಪ್ಪು ಕೆಸರು ತುಂಬಿ ಬಿರಡೆ ಹಾಕಿದ ಹಾಗೆ ಆಗುತ್ತದೆ. ಎರಡು ಬೆರಳಲ್ಲಿ ಹಿಡಿದು ಹಿಸುಕಿ. ನೀರು ನಿಂತಿದ್ದರೆ ಗುಳುಗುಳು ಅಂತ ಸದ್ದು ಮಾಡಿ ಕರ್ರಗೆ ಸುರಿಯುತ್ತದೆ. ಮುಖ ಪಕ್ಕಕ್ಕೆ ಇಟ್ಟುಕೊಳ್ಳಿ.

ಈ ತೂತು ಕಟ್ಟಿದರೆ ತೊಟ್ಟಿಯಲ್ಲಿ ನೀರು ಏರುತ್ತದೆ. ಏರಿ ಬ್ಲೋವರ್ (ಎಸಿ, ಹೀಟರ್ ಫ್ಯಾನ್) ಗಾಳಿ ಎಳೆದುಕೊಳ್ಳುವ ಬಾಯಿವರೆಗೆ ಬಂದರೆ ಅಲ್ಲಿಂದ ನೇರ ಕಾಲಿನ ಹತ್ತಿರಕ್ಕೆ. ಬಹಳಷ್ಟು ಕಾರಲ್ಲಿ ಆ ಬಾಯಿ ಇರೋದು ಡ್ರೈವರ್ ಪಕ್ಕದ ಸೀಟಿನ ಕಡೆ. ಅದಕ್ಕೇ ನಿಮ್ಮದೂ ಇದೇ ಇರಬಹುದು ಅಂತ ನನ್ನ ಅನುಮಾನ. ಇನ್ನು ಕೆಲವು ಕಾರಲ್ಲಿ ಬ್ಯಾಟರಿ, ಬ್ರೇಕ್ ಬೂಸ್ಟರ್ (ಬ್ರೇಕ್ ಒತ್ತೋದನ್ನು ಹಗುರ ಮಾಡುವ ಭಾಗ) ಕೂಡ ಇದೇ ತೊಟ್ಟಿಯಲ್ಲಿ ಕೂತಿರುತ್ತವೆ, ಒಂದು ತೂತು ಬ್ಯಾಟರಿಯ ಅಡಿಯಲ್ಲೇ ಇರುತ್ತದೆ. ಬ್ಯಾಟರಿ ಎತ್ತದೆ ಅದು ಕಾಣೋದೇ ಇಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ನಂದೂ ಅದೇ ಜಾಗ ಒದ್ದೆ. ಆದರೆ ತಿಂಗಳಿಂದ ಮಳೆನೇ ಇಲ್ಲ!

ಉತ್ತರ:
ಹಾಗಾದರೆ ಹೆಚ್ಚಾಗಿ ಎಸಿ ನೀರು. ಸೆಕೆಯ ದಿನ ಎಸಿ ಹಾಕಿಕೊಂಡು ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ನೆಲಕ್ಕೆ ತೊಟ್ಟಿಕ್ಕಬೇಕು. ತೊಟ್ಟಿಕ್ಕುತ್ತಿಲ್ಲ, ಒಳಗೆ ಮಾತ್ರ ಒದ್ದೆ ಅಂದರೆ ಎಸಿಯ ನೀರಿನ ಕೊಳವೆ ಕಟ್ಟಿದೆ. ಬಿಳಿ ಟಿಶ್ಯೂ ಒತ್ತಿ ವಾಸನೆಯನ್ನೂ ನೋಡಿ. ಜಿಡ್ಡಿದ್ದು, ಸಿಹಿ ವಾಸನೆ ಬಂದರೆ ಅದು ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ), ಹೀಟರ್ ಒಸರುತ್ತಿದೆ. ಅದು ವಿಷ. ಮಕ್ಕಳು, ನಾಯಿ ಬೆಕ್ಕು ಹತ್ತಿರ ಬರದ ಹಾಗೆ ನೋಡಿಕೊಂಡು ಬೇಗ ರಿಪೇರಿ ಮಾಡಿಸಿ.

ಪ್ರಶ್ನೆ (ಮೊದಲು ಕೇಳಿದವರು):
ತೊಟ್ಟಿ ತೆಗೆದೆ. ಅರ್ಧ ಬಕೆಟ್ ಮಣ್ಣು! ಬಲಗಡೆ ಕೊಕ್ಕು ಸಂಪೂರ್ಣ ಅಂಟಿಕೊಂಡಿತ್ತು. ಈಗ ಎರಡೂ ಕಡೆ ನೀರು ಸರಾಗವಾಗಿ ಹೋಗುತ್ತಿದೆ. ಸನ್‌ರೂಫ್ ಕೂಡ ನೋಡಿಬಿಡೋಣ ಅಂತ. ಕಂಪ್ರೆಸರ್ ಗಾಳಿ ಹೊಡೆದರೆ ಸಾಕಾ?

ಉತ್ತರ:
ದಯವಿಟ್ಟು ಹೊಡೆಯಬೇಡಿ. ಸನ್‌ರೂಫ್ ತಟ್ಟೆಯ ನಾಲ್ಕು ಮೂಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ಕೊಳವೆ. ಮುಂದಿನವು ಮುಂಗಾಜಿನ ಪಕ್ಕದ ಕಂಬದೊಳಗೆ ಇಳಿದು ಬಾಗಿಲ ಹಿಂಜ್ ಹತ್ತಿರ ಇಲ್ಲವೇ ಮುಂದಿನ ಚಕ್ರದ ಹಿಂದೆ ಹೊರಗೆ ಬರುತ್ತವೆ. ಹಿಂದಿನವು ಹಿಂಬದಿಯ ಕಂಬದಲ್ಲಿ ಇಳಿದು ಬಂಪರ್ ಹತ್ತಿರ ಹೊರಬೀಳುತ್ತವೆ. ಕೊಳವೆಯನ್ನು ತಟ್ಟೆಯ ಮೂತಿಗೆ ಸುಮ್ನೆ ತುರುಕಿರುತ್ತಾರೆ, ಅಷ್ಟೇ. ಹಳೇ ಕೊಳವೆ ಗಟ್ಟಿಯಾಗಿ ಕುಗ್ಗಿರುತ್ತದೆ. ಜೋರು ಗಾಳಿ ಕೊಟ್ಟರೆ ಕಸ ಹೋಗುವ ಬದಲು ಕೊಳವೆಯೇ ಮೂತಿಯಿಂದ ಕಳಚಿಕೊಳ್ಳುತ್ತದೆ, ರೂಫ್ ಬಟ್ಟೆಯ ಮೇಲೆ, ನಿಮಗೆ ಕಾಣದ ಜಾಗದಲ್ಲಿ. ಕಟ್ಟಿದ ಕೊಳವೆ ಸರಿ ಮಾಡೋದು ಅರ್ಧ ಗಂಟೆ ಕೆಲಸ. ಕಳಚಿದ ಕೊಳವೆ ಸಿಕ್ಕಿಸೋಕೆ ರೂಫ್ ಬಟ್ಟೆಯನ್ನೇ ಇಳಿಸಬೇಕು.

ಹೀಗೆ ಮಾಡಿ. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ ಸನ್‌ರೂಫ್ ತೆರೆಯಿರಿ. ಮುಂದಿನ ಮೂಲೆಯ ತೂತಿನ ಹತ್ತಿರ ಒಂದು ಲೋಟ ನೀರು, ಸುಮಾರು 200 ಮಿಲಿ, ನಿಧಾನಕ್ಕೆ ಬಿಡಿ. ಇನ್ನೊಬ್ಬರನ್ನು ಆ ಕಡೆಯ ಚಕ್ರದ ಹತ್ತಿರ ಕೂರಿಸಿ. ಸ್ವಲ್ಪ ಹೊತ್ತಲ್ಲೇ ಕೆಳಗೆ ಸಣ್ಣ ಧಾರೆ ಕಾಣಬೇಕು. ಮೇಲೆ ನೀರು ನಿಂತೇ ಇದ್ದರೆ ಕೊಳವೆ ಕಟ್ಟಿದೆ. ಮೇಲೆ ಖಾಲಿಯಾಗುತ್ತದೆ, ಕೆಳಗೆ ಹನಿಯೂ ಬರೋದಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ನೀರು ಕಾರಿನೊಳಗೆ ಹೋಗುತ್ತಿದೆ, ಕೊಳವೆ ಎಲ್ಲೋ ಬಿಟ್ಟಿದೆ ಅಥವಾ ಒಡೆದಿದೆ.

ಕಟ್ಟಿದ್ದಕ್ಕೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಒಳ್ಳೇದು, 2 ಮಿ.ಮೀ. ದಪ್ಪದ್ದು. ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಗುಂಡಗೆ ಮಾಡಿ, ಇಲ್ಲದಿದ್ದರೆ ಚೂಪು ತುದಿ ಕೊಳವೆಯನ್ನು ಗೀರುತ್ತದೆ. ತಿರುಗಿಸುತ್ತಾ ಮೆಲ್ಲಗೆ ತಳ್ಳಿ. ತಡೆದರೆ ಒತ್ತಾಯ ಬೇಡ, ಸ್ವಲ್ಪ ಹಿಂದೆಳೆದು ಮತ್ತೆ ತಳ್ಳಿ. ಕೊಳವೆಯ ಕೆಳ ತುದಿಯಲ್ಲೂ ಸಣ್ಣ ರಬ್ಬರ್ ಮೂತಿ ಇರುತ್ತದೆ, ಸೀಳು ಬಾಯಿಯದು. ಎಷ್ಟೋ ಸಲ ಮೇಲಿನ ಕೊಳವೆಯೆಲ್ಲಾ ಚೆನ್ನಾಗಿದ್ದು ಅದೊಂದೇ ಕಟ್ಟಿರುತ್ತದೆ. ಕೈಗೆ ಸಿಗುವ ಹಾಗಿದ್ದರೆ ಮೊದಲು ಅದನ್ನೇ ಬಿಡಿಸಿ ನೋಡಿ.

ಪ್ರಶ್ನೆ (ಮತ್ತೊಬ್ಬರು):
ನಾನು ಬ್ರೇಕ್ ಕೇಬಲ್ ತಂತಿ ಹಾಕಿ ತಳ್ಳಿದ್ದೆ. ಆಗ ಸರಿ ಹೋಯ್ತು, ಎರಡು ತಿಂಗಳಿಗೆ ರೂಫ್ ಬಟ್ಟೆ ಮೇಲೆ ಕಂದು ಕಲೆ.

ಉತ್ತರ:
ತಂತಿ ಕೊಳವೆಯನ್ನು ತೂತು ಮಾಡಿದೆ. ಕಂಬದ ಪ್ಲಾಸ್ಟಿಕ್ ತೆಗೆದರೆ ಗೊತ್ತಾಗುತ್ತದೆ, ಆದರೆ ಅದನ್ನು ನೀವು ತೆಗೆಯಬೇಡಿ. ಅಪಘಾತದಲ್ಲಿ ಕಿಟಕಿಗೆ ಪರದೆಯ ಹಾಗೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಅದು ಅಲ್ಲೇ ಮಡಚಿ ಕೂತಿರುತ್ತದೆ. ಗೊತ್ತಿರುವವರ ಕೈಲಿ ಕೊಡಿ.

ಪ್ರಶ್ನೆ:
ಬಾಗಿಲು ಹಾಕುವಾಗ ಒಳಗೆ ನೀರು ಕುಲುಕಿದ ಸದ್ದು. ಇದೂ ಅದೇನಾ?

ಉತ್ತರ:
ಅದೇ. ಬಾಗಿಲಿನ ಅಡಿ ಅಂಚಲ್ಲಿ ಉದ್ದುದ್ದ ಸೀಳುಗಳಿರುತ್ತವೆ, ಕೆಲವು ರಬ್ಬರ್ ಪಟ್ಟಿಯ ಹಿಂದೆ ಅಡಗಿರುತ್ತವೆ. ಪ್ಲಾಸ್ಟಿಕ್ ಕೇಬಲ್ ಟೈ ತುದಿಯಿಂದ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿದರೆ ಪೇಂಟ್ ಕೆರೆದು ತುಕ್ಕಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಕಾರಿನ ಅಡಿಗೆ ರಬ್ಬರ್ ಕೋಟಿಂಗ್ ಹೊಡೆಸಿದ್ದೀರಾ? ಹೊಡೆಸಿದ್ದರೆ ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯ ತೂತುಗಳನ್ನೂ ನೋಡಿ. ತುಕ್ಕು ತಡೆಯೋಕೆ ಹೊಡೆದ ಕೋಟಿಂಗೇ ತೂತು ಮುಚ್ಚಿ, ಒಳಗಿಂದ ತುಕ್ಕು ಹಿಡಿಸುತ್ತದೆ. ಇದನ್ನು ನೋಡಿದಾಗೆಲ್ಲಾ ನನಗೆ ಹೊಟ್ಟೆ ಉರಿಯುತ್ತದೆ.

ಸೀಳು ತೆರೆದಿದ್ದರೂ ಬಾಗಿಲ ಪಕ್ಕದ ಕಾರ್ಪೆಟ್ ಒದ್ದೆ ಇದ್ದರೆ ಬಾಗಿಲ ಒಳ ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆ ಬಿಟ್ಟಿರುತ್ತದೆ. ಸ್ಪೀಕರ್ ಬದಲಿಸಿದವರು ಅದನ್ನು ಹರಿದು ಹಾಗೇ ಬಿಟ್ಟಿರುತ್ತಾರೆ. ಬ್ಯೂಟೈಲ್ ಟೇಪ್ (ಮೆತ್ತನೆ ಅಂಟು ರಬ್ಬರ್ ಪಟ್ಟಿ) ಹಾಕಿ ಅಂಟಿಸಿದರೆ ಆಯ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯನ್ನೂ ಒಮ್ಮೆ ಎತ್ತಿ ನೋಡಿ. ಅಲ್ಲಿ ನೀರಿದ್ದರೆ ಹಿಂದಿನ ಲೈಟಿನ ಗ್ಯಾಸ್ಕೆಟ್, ಡಿಕ್ಕಿ ಸುತ್ತಲಿನ ಕಾಲುವೆ, ಸನ್‌ರೂಫಿನ ಹಿಂದಿನ ಕೊಳವೆ, ಈ ಮೂರರ ಮೇಲೆ ಅನುಮಾನ ಪಡಿ.

ಪ್ರಶ್ನೆ (ಮೊದಲು ಕೇಳಿದವರು):
ಸನ್‌ರೂಫ್ ಮುಂದಿನ ಎರಡೂ ಚೆನ್ನಾಗಿವೆ. ಹಿಂದೆ ಎಡಗಡೆಯದು ನಿಧಾನ ಇತ್ತು, ದಾರ ಹಾಕಿದ ಮೇಲೆ ಸರಿಯಾಯ್ತು. ಕಾರ್ಪೆಟ್ ಬಿಸಿಲಿಗೆ ಬಾಗಿಲು ತೆಗೆದಿಟ್ಟು ಒಣಗಿಸಿದರೆ ಸಾಕಲ್ವಾ?

ಉತ್ತರ:
ಸಾಕಾಗೋದಿಲ್ಲ. ಕಾರ್ಪೆಟ್ ಅಡಿಯಲ್ಲಿ ದಪ್ಪ ಫೋಮ್ ಇದೆ, ಸ್ಪಂಜಿನ ಹಾಗೆ. ಮೇಲೆ ಒಂದೇ ದಿನಕ್ಕೆ ಒಣಗುತ್ತದೆ, ಅಡಿಯಲ್ಲಿ ವಾರಗಟ್ಟಲೆ ನೀರಿರುತ್ತದೆ. ನೆಲದ ತಗಡು ತುಕ್ಕು ಹಿಡಿಯೋದು ಅಲ್ಲೇ. ಎಷ್ಟೋ ಕಾರಲ್ಲಿ ವೈರಿಂಗ್ ಜೋಡಣೆ, ಕಂಟ್ರೋಲ್ ಯೂನಿಟ್ ಕೂಡ ಆ ಕಾರ್ಪೆಟ್ ಕೆಳಗೇ ಇರುತ್ತವೆ. ಬಾಗಿಲ ಹತ್ತಿರದ ಪಟ್ಟಿ ತೆಗೆದು ಕಾರ್ಪೆಟ್ ಎತ್ತಿ, ಕೆಳಗೆ ಮರದ ತುಂಡು ಕೊಟ್ಟು ನಿಲ್ಲಿಸಿ. ನೀರು ಎಳೆಯುವ ವ್ಯಾಕ್ಯೂಮ್ ಇದ್ದರೆ ಮೊದಲು ಅದು, ಆಮೇಲೆ ಫ್ಯಾನ್. ಸೀಟು ಬಿಚ್ಚಲೇಬೇಕು ಅಂತಿದ್ದರೆ ಅದರ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಬ್ಯಾಟರಿ ಕಳಚಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಮುಟ್ಟಿ.

ಒಣಗಿದ ಕೂಡಲೇ ಕಾರ್ಪೆಟ್ ಕೂರಿಸಬೇಡಿ. ಬರೀ ತಗಡಿನ ಮೇಲೆ ಹಳೇ ಪೇಪರ್ ಹಾಸಿ, ಒಂದು ಜೋರು ಮಳೆ ಬರಲಿ. ಮಾರನೇ ದಿನ ಪೇಪರ್ ಎಲ್ಲಿ ಒದ್ದೆಯಾಗಿದೆ ನೋಡಿ ಇಲ್ಲೇ ಫೋಟೋ ಹಾಕಿ.

(ಹನ್ನೊಂದು ದಿನದ ನಂತರ, ಮೊದಲು ಕೇಳಿದವರು):
ಮೊನ್ನೆ ರಾತ್ರಿಯಿಡೀ ಸುರಿಯಿತು. ಪೇಪರ್ ಗರಿಗರಿ ಇದೆ, ಫೋಟೋ ಹಾಕಿದ್ದೀನಿ. ಕೂರಿಸಲಾ?

ಉತ್ತರ:
ಕೂರಿಸಿ. ಗಾಜಿನ ಸುತ್ತ ಬಳಿದ ಸಿಲಿಕೋನ್ ಮಾತ್ರ ಕೆರೆದು ತೆಗೆಸಿ. ವಿನೆಗರ್ ವಾಸನೆ ಬಂದಿತ್ತು ಅಂದರೆ ಅದು ಒಣಗುವಾಗ ಆಮ್ಲ ಬಿಡುವ ಜಾತಿ, ತಗಡಿಗೆ ತುಕ್ಕು ತರಿಸುತ್ತದೆ. ವೈಪರ್ ತೊಟ್ಟಿಯನ್ನು ಮಳೆಗಾಲಕ್ಕೆ ಮುಂಚೆ ಒಂದು ಸಲ, ಎಲೆ ಉದುರಿ ಮುಗಿದ ಮೇಲೆ ಒಂದು ಸಲ ತೆಗೆದು ನೋಡಿ. ಮರದ ಕೆಳಗೆ ನಿಲ್ಲಿಸುವವರಾದರೆ ಇನ್ನೂ ಜಾಸ್ತಿ ಸಲ.